ಕೇಳಿದ್ದರೆ ಹೇಳುತ್ತಿದ್ದರಂತೆ

ಹೃದಯದಲ್ಲಿದ್ದ ಕಾಯಿಲೆಗೆ ನನ್ನ ಬಾಯಿಂದ ಒಂದು ಗಟ್ಟಿಮುಟ್ಟಾದ ದವಡೆಹಲ್ಲನ್ನು ಕಿತ್ತುಹಾಕಿದರು. ಇದನ್ನು ಹೇಳಿದರೆ ಜನ ನಗುತ್ತಾರೆ. ಎದುರಿಗಿದ್ದವರ ದಾಕ್ಷಿಣ್ಯಕ್ಕೆ ನಾನೂ ಒಂದೆರಡು ಸಲ ನಕ್ಕಿದ್ದೇನೆ. ಈಗ ನಗುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನಜರ್‌ಬಾದಿನ ಒಂದು ಹಳೇ ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ ಮೂವರು ಇದ್ದೇವೆ. ಮಗಳು ಮದುವೆಯಾಗಿ ಸರಸ್ವತಿಪುರಂನಲ್ಲಿದ್ದಾಳೆ. ನನ್ನವರು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮ್ಯಾನೇಜರು. ಅತ್ತೆಯ ಮಾವ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರಂತೆ. ಅಲ್ಲಿಯ ಗತ್ತು ಅತ್ತೆಯ ಮಾತಿನಲ್ಲಿ ಇನ್ನೂ ಉಳಿದಿದೆ. ಎಂಬತ್ತು ದಾಟಿದ ಅವರಿಗೆ ಮಂಡಿ ನೋವಿಲ್ಲ, ಸಕ್ಕರೆಯಿಲ್ಲ, ಬಿ.ಪಿ. ಇಲ್ಲ. ಬೆಳಗ್ಗೆ ಎದ್ದು ರಂಗೋಲಿ ಹಾಕಿ, ಬಗ್ಗಿದಲ್ಲೇ ನನ್ನನ್ನು ನೋಡಿ "ಏನೇ, ಇನ್ನೂ ಕೈ ಹಿಡ್ಕೊಂಡೇ ಕೂತಿದೀಯಾ?" ಅನ್ನುತ್ತಾರೆ.

ಕೈ ಹಿಡಿದುಕೊಂಡು ಕೂರದೆ ನನಗೆ ಬೇರೆ ದಾರಿಯಿರಲಿಲ್ಲ. ಮಗಳು ಪ್ರೈಮರಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲೇ ನನ್ನ ಬೆರಳುಗಳು ಬೆಳಗಿನ ಹೊತ್ತು ಮಡಚುವುದನ್ನು ನಿಲ್ಲಿಸಿದವು. ಚಾಕ್‌ಪೀಸ್ ಹಿಡಿಯಬೇಕೆಂದರೆ ಎರಡನೇ ಪೀರಿಯಡ್ಡಿನವರೆಗೆ ಕಾಯಬೇಕಿತ್ತು. ಒಗೆದ ಬಟ್ಟೆ ಹಿಂಡಲಾಗದೆ ನೀರು ಸೋರುತ್ತಿರುವಂತೆಯೇ ಹಗ್ಗದ ಮೇಲೆ ಹಾಕುತ್ತಿದ್ದೆ. ಬಾಣಂತನ ಸರಿಯಾಗಿ ಆಗದೆ ಶೀತ ಹಿಡಿದಿದೆ ಎಂದರು ಅತ್ತೆ. ಹತ್ತಿರದ ಮೂಳೆ ಡಾಕ್ಟರು ವಾತ ಎಂದರು, ನೋವಿನ ಮಾತ್ರೆ ಕೊಟ್ಟರು. ಖಾಲಿಯಾದಾಗ ಮತ್ತೆ ಅದನ್ನೇ ಕೊಟ್ಟರು. ಆಮೇಲಾಮೇಲೆ ಅವರ ಹತ್ತಿರ ಹೋಗುವುದೂ ಬೇಕಾಗಲಿಲ್ಲ. ನನ್ನ ಮುಖ ಕಂಡರೆ ಸಾಕು, ಮೆಡಿಕಲ್ ಶಾಪಿನವನು ಆ ಮಾತ್ರೆಯ ಪಟ್ಟಿ ಕತ್ತರಿಸಿ ಮುಂದಿಡುತ್ತಿದ್ದ. ಇದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುತ್ತಾರೆ, ಇದು ಸವೆತದಿಂದ ಬರುವ ಕೀಲುನೋವಲ್ಲ, ಮೈಯನ್ನು ಕಾಪಾಡಬೇಕಾದ ಶಕ್ತಿಯೇ ತಿರುಗಿಬಿದ್ದು ಮೈಯ ಕೀಲುಗಳನ್ನು ತಿನ್ನುವ ಕಾಯಿಲೆ ಎಂದು ತಿಳಿದದ್ದು ದೊಡ್ಡ ಆಸ್ಪತ್ರೆಯೊಂದರ ಕೀಲುರೋಗದ ತಜ್ಞರ ಹತ್ತಿರ ಹೋದ ಮೇಲೆ. ವಾರಕ್ಕೊಂದು ಸಲ ನುಂಗುವ ಮಾತ್ರೆ ಶುರುವಾಯಿತು. ಬಾವು ಇಳಿಯಿತು. ಆ ಹೊತ್ತಿಗೆ ಎರಡೂ ಮಣಿಕಟ್ಟು ಒಳಕ್ಕೆ ಬಾಗಿ ಹೋಗಿದ್ದವು, ಕಾಲ್ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು.

ಆ ತಜ್ಞರು ಒಳ್ಳೆಯವರೇ. ಸಾವಧಾನದಿಂದ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದರು. ಲಿವರಿನ ರಕ್ತ ಪರೀಕ್ಷೆ, ಕಣ್ಣಿನ ಪರೀಕ್ಷೆ ಎಲ್ಲವನ್ನೂ ಬರೆಯುತ್ತಿದ್ದರು. ಅಷ್ಟು ವರ್ಷ ನೋಡಿಕೊಂಡವರು, ನನ್ನ ಎದೆಯ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ.

ಎರಡು ವರ್ಷದ ಹಿಂದೆ ದವಡೆ ನೋವು ಶುರುವಾಯಿತು. ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿ ಮಹಡಿಯ ಮೇಲಿದೆ. ಪುಸ್ತಕ, ಜಾಮಿಟ್ರಿ ಸಾಮಾನು ಹಿಡಿದು ಮೆಟ್ಟಿಲು ಹತ್ತುವಾಗ ಎಡದವಡೆಯಲ್ಲಿ ಯಾರೋ ಬೆರಳಿಟ್ಟು ಅದುಮಿದ ಹಾಗಾಗುತ್ತಿತ್ತು. ಮೇಲೆ ಹೋಗಿ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟು ಕುರ್ಚಿಯಲ್ಲಿ ಕೂತರೆ ನೋವು ತಾನಾಗಿಯೇ ಇಳಿಯುತ್ತಿತ್ತು. ಜೊತೆಗೆ ಸುಸ್ತು. ನೀರಿಳಿದ ಮೇಲೆ ಟ್ಯಾಂಕಿನ ತಳದಲ್ಲಿ ಉಳಿಯುತ್ತದಲ್ಲ ಕೆಸರು, ಅಂಥದ್ದೇನೋ ಕಾಲಲ್ಲಿ ತುಂಬಿಕೊಂಡ ಹಾಗೆ. ತರಗತಿಯನ್ನು ಕೆಳಗೆ ಹಾಕಿಸಿಕೊಡಿ ಎಂದು ಹೆಡ್‌ಮಾಸ್ಟರನ್ನು ಕೇಳಿದೆ. "ಕೆಳಗಡೆ ರೂಮೆಲ್ಲಿದೆ ಮೇಡಂ? ಮೆಟ್ಟಿಲು ಹತ್ತಿಳಿದ್ರೆ ನಿಮ್ಮ ಮಂಡೀಗೂ ಒಳ್ಳೇದು," ಎಂದರು. ಎಲ್ಲರಿಗೂ ಡಾಕ್ಟರಾಗುವ ಆಸೆ.

ಕೀಲಿನ ತಜ್ಞರಿಗೆ ಹೇಳಿದೆ. "ದವಡೇಲೂ ಒಂದು ಕೀಲಿದೆಯಲ್ಲಮ್ಮ, ಈ ಕಾಯಿಲೆ ಅದನ್ನೂ ಬಿಡಲ್ಲ. ಯಾವುದಕ್ಕೂ ಹಲ್ಲಿನವರಿಗೆ ಒಂದು ಸಲ ತೋರಿಸಿಬಿಡಿ," ಎಂದರು. ಸುಸ್ತಿಗೆ ರಕ್ತ ಕಡಿಮೆಯಿರಬಹುದೆಂದು ಕಬ್ಬಿಣದ ಮಾತ್ರೆ ಬರೆದರು. ಹಲ್ಲಿನವರು ಎಕ್ಸ್‌ರೇ ತೆಗೆದು, ಕೊನೆಯ ಹಲ್ಲು ಸ್ವಲ್ಪ ವಾಲಿದೆ, ಅದೇ ನರ ಒತ್ತುತ್ತಿರಬೇಕು ಎಂದರು. ತೆಗೆಸಿದೆ. ನನ್ನ ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲ. ಆ ಹಲ್ಲು ಬರುವ ಹೊತ್ತಿಗೆ ತುಟಿಯ ಕೊನೆ ಹರಿದು ರಕ್ತ ಬಂದಿತ್ತು. ಒಂದು ವಾರ ಗಂಜಿ ಕುಡಿದು ಶಾಲೆಗೆ ಹೋದೆ. ಮೆಟ್ಟಿಲ ಅರ್ಧಕ್ಕೆ ಬರುತ್ತಿದ್ದಂತೆ ಅದೇ ನೋವು, ಅದೇ ಜಾಗದಲ್ಲಿ.

ಮತ್ತೆ ಹೋಗಿ ಹಲ್ಲಿನ ಡಾಕ್ಟರ ಮುಂದೆ ನಿಂತೆ.

"ಸಾರ್, ಚಕ್ಕುಲಿ ಅಗಿದರೆ ನೋವಿಲ್ಲ. ಗಂಟೆಗಟ್ಟಲೆ ಪಾಠ ಮಾಡಿದರೆ ನೋವಿಲ್ಲ. ಮೆಟ್ಟಿಲು ಹತ್ತಿದಾಗ ಮಾತ್ರ ನೋವು. ಮೆಟ್ಟಿಲನ್ನ ಯಾರಾದ್ರೂ ಹಲ್ಲಲ್ಲಿ ಹತ್ತುತಾರಾ?"

ಅವರು ನಕ್ಕರು. "ನಿಮಗೆ ಮೊದಲೇ ಆರ್ಥ್ರೈಟಿಸ್ ಇದೆಯಲ್ಲ ಮೇಡಂ," ಎಂದರು.

ಎಲ್ಲರೂ ಕೊನೆಗೆ ಆಡುತ್ತಿದ್ದದ್ದು ಇದೇ ಮಾತನ್ನು. ಬೆನ್ನು ನೋವು ಅಂದರೆ ಆರ್ಥ್ರೈಟಿಸ್. ಭುಜ ಸೆಳೆತ ಅಂದರೆ ಆರ್ಥ್ರೈಟಿಸ್. ಉಸಿರು ಕಟ್ಟುತ್ತದೆ ಅಂದರೆ, ನಡೆದಾಡುವುದು ಕಡಿಮೆ ನೋಡಿ, ಅದಕ್ಕೆ, ಆರ್ಥ್ರೈಟಿಸ್ ಇದೆಯಲ್ಲ. ಒಂದು ಕಾಯಿಲೆ ಇದ್ದವಳಿಗೆ ಇನ್ನೊಂದು ಕಾಯಿಲೆ ಬರಲು ಹಕ್ಕೇ ಇಲ್ಲವೇನೋ ಎನ್ನುವ ಹಾಗೆ ನನ್ನ ಮೈಯ ಯಾವ ತೊಂದರೆಗೂ ಅದನ್ನೇ ಕಾರಣ ಹೇಳಿ ಕಳಿಸುತ್ತಿದ್ದರು.

ಆ ಸಮಯದಲ್ಲೇ ನನ್ನ ಗಂಡನ ವಾರ್ಷಿಕ ತಪಾಸಣೆ ಬಂತು. ಕಾರ್ಖಾನೆಯವರು ಮ್ಯಾನೇಜರುಗಳಿಗೆಲ್ಲ ಪ್ರತಿವರ್ಷ ಪೂರ್ತಿ ಮೈ ಪರೀಕ್ಷೆ ಮಾಡಿಸುತ್ತಾರೆ. ಹೆಂಡತಿಗೂ ಉಂಟು, ಆದರೆ ಸಕ್ಕರೆ ಮತ್ತು ಬಿ.ಪಿ. ಅಷ್ಟೇ. ನನ್ನವರು ಬನಿಯನ್ನಿನಲ್ಲಿ ಟ್ರೆಡ್‌ಮಿಲ್ಲಿನ ಮೇಲೆ ಬಿರಬಿರನೆ ನಡೆದರು. ಎದೆಗೆಲ್ಲ ವೈರು ಅಂಟಿಸಿದ್ದರು. ನಾನು ಅವರ ಶರ್ಟು, ಗಡಿಯಾರ ಹಿಡಿದು ಬಾಗಿಲ ಹತ್ತಿರ ಕೂತಿದ್ದೆ. ಎಕೋ ಆಯಿತು, ಕೊಲೆಸ್ಟರಾಲ್ ಆಯಿತು. ಕೊನೆಗೆ ಎಲ್ಲ ಚೆನ್ನಾಗಿದೆ ಎಂದು ಒಬ್ಬ ಡಾಕ್ಟರು ಬಂದು ಕೈಕುಲುಕಿದರು. ಇದೇ ಸಮಯವೆಂದು ನಾನು ಕೇಳಿದೆ.

"ಡಾಕ್ಟ್ರೇ, ನನಗೆ ಮೆಟ್ಟಿಲು ಹತ್ತಿದರೆ ದವಡೆ ನೋಯತ್ತೆ, ಉಸಿರು ಕಟ್ಟತ್ತೆ. ನನಗೂ ಈ ಪರೀಕ್ಷೆ ಮಾಡಬೇಕಾಗತ್ತಾ?"

"ಶುಗರ್ ಇದೆಯಾ?"

"ಇಲ್ಲ."

"ಬಿ.ಪಿ.? ಮನೇಲಿ ಯಾರಿಗಾದ್ರೂ ಹಾರ್ಟಿನ ತೊಂದರೆ?"

"ಇಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ ಇದೆ."

"ಅದು ಕೀಲಿನದು ಮೇಡಂ. ಹಾರ್ಟಿಗೂ ಅದಕ್ಕೂ ಏನು ಸಂಬಂಧ?" ಎಂದರು. ನನ್ನ ಕಾಲಿನ ಕಡೆ ನೋಡಿ, "ಟ್ರೆಡ್‌ಮಿಲ್ ಮೇಲೆ ನಡೆಯೋಕೂ ನಿಮಗೆ ಆಗಲ್ಲ," ಎಂದು ಸೇರಿಸಿದರು. ನಡೆಯಲಾಗದವರಿಗೆ ಬೇರೆ ಬಗೆಯ ಪರೀಕ್ಷೆಗಳಿವೆಯೆಂದು ನನಗೆ ತಿಳಿದದ್ದು ಆಮೇಲೆ. ಅವರಿಗೆ ಅವತ್ತೇ ತಿಳಿದಿರಬೇಕಿತ್ತು. ದಾರಿಯಲ್ಲಿ ನನ್ನವರು, "ಡಾಕ್ಟರೇ ಏನೂ ಇಲ್ಲ ಅಂದಮೇಲೆ ಸುಮ್ಮನೆ ಯಾಕೆ ತಲೆ ಕೆಡಿಸ್ಕೋತೀಯಾ?" ಎಂದು ಸಮಾಧಾನ ಹೇಳಿ, ಒಳ್ಳೇ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದರು.

ಆರು ತಿಂಗಳು ಕಳೆದಿರಬೇಕು. ರಾಜೀವನಗರದ ಕಡೆ ಒಂದು ಛತ್ರದಲ್ಲಿ ನನ್ನವರ ದೊಡ್ಡಪ್ಪನ ಮೊಮ್ಮಗಳ ಮದುವೆ. ಧಾರೆಯಾಯಿತು. ಊಟ ಮಹಡಿಯ ಮೇಲೆ. ಲಿಫ್ಟಿನ ಮುಂದೆ ಅಡುಗೆಯವರು ಪಾತ್ರೆ ಸಾಲಾಗಿಟ್ಟು, ಅದು ಸಾಗಣೆಗೆ ಮಾತ್ರ ಎಂದರು. ನಾನು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಕಂಬಿಗೆ ಆತುಕೊಂಡು ಹತ್ತಿದೆ. ತಿರುವಿನಲ್ಲಿ ದವಡೆ ಹಿಡಿಯಿತು. ನಿಂತೆ. ಈ ಸಲ ನಿಂತರೂ ಇಳಿಯಲಿಲ್ಲ. ದವಡೆಯಿಂದ ಕತ್ತಿಗೆ, ಕತ್ತಿನಿಂದ ಎಡಭುಜಕ್ಕೆ ಬಂತು. ಬೆನ್ನ ಮೇಲೆ ತಣ್ಣನೆಯ ನೀರು ಸುರಿದ ಹಾಗೆ ಬೆವರು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಜನ ಸೇರಿದರು. ಬೀಗರ ಕಡೆಯ ಒಬ್ಬರು, ಔಷಧ ಕಂಪನಿಯಲ್ಲಿ ಕೆಲಸ ಮಾಡಿ ರಿಟೈರಾದವರು, ನನ್ನ ನಾಡಿ ಹಿಡಿದು ನೋಡಿ, "ಗ್ಯಾಸ್ ಕಣ್ರೀ. ಬೆಳಗ್ಗೆಯಿಂದ ಖಾಲಿ ಹೊಟ್ಟೆ. ಸೋಡಾ ತರ್ಸಿ," ಎಂದರು. ಯಾರೋ, ಇವರಿಗೆ ಮೊದಲಿಂದಲೂ ಸಂಧಿವಾತ, ಮೆಟ್ಟಿಲು ಹತ್ತಿ ಆಯಾಸವಾಗಿದೆ ಅಷ್ಟೇ ಎಂದರು. ಅಲ್ಲೂ ಅದೇ ಮಾತು. ಬಾಯಿ ತೆರೆದು ಬೈಯೋಣವೆಂದರೆ ಉಸಿರು ಸಾಲಲಿಲ್ಲ. ನನ್ನವರು ಸೋಡಾ ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತಿದ್ದರು.

ಅಷ್ಟರಲ್ಲಿ ಅತ್ತೆ ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಬಂದರು. ನನ್ನ ಹಣೆ ಮುಟ್ಟಿದರು, ಕುತ್ತಿಗೆ ಮುಟ್ಟಿದರು. ನಮ್ಮ ಮಾವ ತೀರಿಕೊಂಡದ್ದು ಹೃದಯಾಘಾತದಲ್ಲಿ, ಅತ್ತೆಯ ಕಣ್ಣೆದುರಿಗೇ.

"ಗ್ಯಾಸೂ ಇಲ್ಲ ಮಣ್ಣೂ ಇಲ್ಲ. ಮೈ ಮುಟ್ಟಿ ನೋಡೋ, ಎಂಗೆ ತಣ್ಣಗಾಗಿದೆ. ನಿಮ್ಮಪ್ಪನೂ ಇಂಗೇ ಬೆವರಿದ್ದು. ಅವತ್ತೂ ಎಲ್ಲಾರೂ ಸೋಡಾ ಕುಡ್ಸಿದ್ರು. ಕಾರ್ ತಗಿ!"

"ಅಮ್ಮಾ, ಗಾಬರಿ ಮಾಡ್ಬೇಡ. ಅವಳಿಗೆ ಹಾರ್ಟಿನದೇನೂ ಇಲ್ಲ ಅಂತ ಡಾಕ್ಟರೇ..."

"ಯಾವ ಡಾಕ್ಟ್ರೋ? ನಿನ್ನ ಎದೆ ನೋಡಕ್ಕೆ ಕಂಪನಿ ಐತೆ, ವರ್ಷಕ್ಕೊಂದ್ಸಲ ಕರ್ಕೊಂಡೋಗಿ ವೈರು ಅಂಟಿಸ್ತಾರೆ. ಇವಳ ಎದೆ ಯಾರೋ ನೋಡಿದ್ದು? ಕಾರ್ ತಗಿ ಅಂದ್ನಲ್ಲಾ!"

ಇಷ್ಟು ವರ್ಷದಲ್ಲಿ ನಮ್ಮತ್ತೆ ಸಿಟ್ಟಿನಲ್ಲಿ ಹೀಗೆ ಬೀದಿಯ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಅರಮನೆಯ ಗತ್ತೆಲ್ಲ ಎಲ್ಲಿ ಹೋಯಿತೋ. ಇಬ್ಬರು ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಕೆಳಗಿಳಿಸಿದರು. ಸೋಡಾ ಬಾಟಲಿ ಅಲ್ಲೇ ಮೆಟ್ಟಿಲ ಮೇಲೆ ಉಳಿಯಿತು.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಇ.ಸಿ.ಜಿ. ತೆಗೆದರು. ಅಲ್ಲಿದ್ದ ಡಾಕ್ಟರು ಕಾಗದವನ್ನು ಬೆಳಕಿಗೆ ಹಿಡಿದು, ಅಂಥದ್ದೇನೂ ಕಾಣುತ್ತಿಲ್ಲ ಎಂದರು. ನನ್ನ ಬೆರಳು ನೋಡಿ, "ಭುಜದ ನೋವು ಆರ್ಥ್ರೈಟಿಸ್‌ದೇ ಇರಬಹುದು..." ಎಂದು ಶುರುಮಾಡಿದರು. ಅತ್ತೆ ಅವರ ಕಡೆ ನೋಡಿದ ನೋಟಕ್ಕೋ ಏನೋ, ಮಾತು ನಿಲ್ಲಿಸಿ ರಕ್ತ ತೆಗೆಸಿದರು. ಹೃದಯದ ಸ್ನಾಯುವಿಗೆ ಪೆಟ್ಟಾಗಿದ್ದರೆ ರಕ್ತದಲ್ಲಿ ತಿಳಿಯುತ್ತದಂತೆ. ತಿಳಿಯಿತು. ಹಾರ್ಟ್ ಅಟ್ಯಾಕ್ ಎಂದರು. ಆಮೇಲೆ ಎಲ್ಲರೂ ಓಡಾಡತೊಡಗಿದರು.

ಮಾರನೆಯ ದಿನ ಆಂಜಿಯೋಗ್ರಾಂ. ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಬೇಕು, ಅದಕ್ಕೆ ಕೈಯನ್ನು ಹಿಂದಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಬೇಕು ಎಂದು ಟೆಕ್ನಿಷಿಯನ್ ನನ್ನ ಕೈಯನ್ನು ಒತ್ತಿದರು. ಪ್ರಾಣ ಹೋದ ಹಾಗಾಯಿತು.

"ಅದು ಹಾಗೆ ಬಗ್ಗಲ್ಲ ರೀ!" ಎಂದು ಕಿರುಚಿದೆ.

"ಸ್ವಲ್ಪ ಕೋಆಪರೇಟ್ ಮಾಡಿ ಅಮ್ಮ."

"ನಾನು ಮಾಡ್ತೀನಪ್ಪ, ಮೂಳೆ ಮಾಡಲ್ಲ. ಫೈಲಿನ ಮೇಲೆ ಬರೆದಿದೆಯಲ್ಲ, ಓದಿಲ್ವಾ?"

ಅಷ್ಟರಲ್ಲಿ ಹೃದಯದ ಡಾಕ್ಟರು ಬಂದರು. ನನಗಿಂತ ಚಿಕ್ಕ ಹೆಣ್ಣುಮಗಳು. ಕೈ ಬಿಡಿ ಎಂದು ಗದರಿ, ತೊಡೆಯ ಸಂದಿಯಿಂದ ಮಾಡಿದರು. ಎರಡು ನಾಳಗಳು ಕಟ್ಟಿಕೊಂಡಿದ್ದವು. ಒಂದಂತೂ ಮುಕ್ಕಾಲುಪಾಲು ಮುಚ್ಚಿ ಹೋಗಿತ್ತು. ಸ್ಟೆಂಟು ಹಾಕಿದರು. ಪರದೆಯ ಮೇಲೆ ನನ್ನ ಹೃದಯವನ್ನು ನಾನೇ ನೋಡಿದೆ. ಒಣಗಿದ ಕೊಂಬೆಯ ಹಾಗಿದ್ದ ಗೆರೆಗಳಲ್ಲಿ ಒಂದು ಇದ್ದಕ್ಕಿದ್ದಂತೆ ಕಪ್ಪಗೆ ತುಂಬಿಕೊಂಡಿತು. ಅಳು ಬಂತು. ಭಯಕ್ಕಲ್ಲ. ಇಷ್ಟು ಸ್ಪಷ್ಟವಾಗಿ ಕಾಣುವ ವಸ್ತುವನ್ನು ಯಾರೂ ನೋಡಲಿಲ್ಲವಲ್ಲ ಎಂದು.

ಸಂಜೆ ಆಕೆ ವಾರ್ಡಿಗೆ ಬಂದು ಮಂಚದ ತುದಿಯಲ್ಲಿ ಕೂತರು.

"ಆರ್ಥ್ರೈಟಿಸ್ ಎಷ್ಟು ವರ್ಷದಿಂದ ಇದೆ ಮೇಡಂ?"

"ಮಗಳು ಮೂರನೇ ಕ್ಲಾಸಿನಲ್ಲಿದ್ದಾಗಿಂದ. ಈಗ ಅವಳಿಗೇ ಒಂದು ಮಗು."

"ಈ ಕಾಯಿಲೆ ಇರೋರಿಗೆ ಹಾರ್ಟಿನ ತೊಂದರೆ ಬೇರೆಯವರಿಗಿಂತ ಹೆಚ್ಚು. ಕೀಲನ್ನ ಹಾಳು ಮಾಡೋ ಉರಿಯೂತ ಇದೆಯಲ್ಲ, ಅದೇ ರಕ್ತನಾಳದ ಒಳಗೋಡೇನೂ ಹಾಳು ಮಾಡತ್ತೆ. ಶುಗರು, ಬಿ.ಪಿ. ಇಲ್ಲದೇನೂ ಬರಬಹುದು. ವರ್ಷಗಟ್ಟಲೆ ನೋವಿನ ಮಾತ್ರೆ ತಗೊಂಡಿದ್ರೆ ಅದೂ ಸೇರ್ಕೊಳ್ಳತ್ತೆ. ನಿಮಗೆ ಇದನ್ನ ಯಾರೂ ಹೇಳಿರ್ಲಿಲ್ವಾ?"

ಯಾರೂ ಹೇಳಿರಲಿಲ್ಲವಾ! ಆ ಪ್ರಶ್ನೆಯನ್ನು ಆಕೆ ಬಹಳ ಮೃದುವಾಗಿಯೇ ಕೇಳಿದರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಇದು ನಿನ್ನೆ ಮೊನ್ನೆ ಕಂಡುಹಿಡಿದ ವಿಷಯವೇ ಎಂದು ಕೇಳಿದೆ. ಇಲ್ಲ, ಬಹಳ ಹಿಂದಿನಿಂದಲೂ ಗೊತ್ತು, ಪಠ್ಯಪುಸ್ತಕದಲ್ಲೇ ಇದೆ ಎಂದರು. ಅಂದರೆ ಊರಿಗೆಲ್ಲ ಗೊತ್ತಿದ್ದ ವಿಷಯ, ಯಾರ ಮೈಯಲ್ಲಿ ಅದು ನಡೆಯುತ್ತಿತ್ತೋ ಅವಳೊಬ್ಬಳಿಗೆ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ನೋಡಲು ಬಂದವರ ಸಾಲು. ಬಂದವರೆಲ್ಲ ಹಣ್ಣಿನ ಜೊತೆ ಒಂದೊಂದು ಕಾರಣವನ್ನೂ ತಂದರು. ನೀನು ಬಹಳ ಟೆನ್ಶನ್ ಮಾಡಿಕೊಳ್ಳುತ್ತೀಯ ಎಂದರು ಒಬ್ಬರು. ತುಪ್ಪ ಕಡಿಮೆ ಮಾಡಬೇಕಿತ್ತು ಎಂದರು ಇನ್ನೊಬ್ಬರು. ಬೆಳಗ್ಗೆ ಎದ್ದು ಯೋಗ ಮಾಡಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಶಾಲೆಯ ಸಹೋದ್ಯೋಗಿಯೊಬ್ಬರು ನನ್ನ ಬಾಗಿದ ಮಣಿಕಟ್ಟು ನೋಡುತ್ತಲೇ ಹೇಳಿದರು. ಆ ಮಣಿಕಟ್ಟಿನ ಮೇಲೆ ಭಾರ ಹಾಕಿ ಯಾವ ಆಸನ ಮಾಡಲಿ? ತಪ್ಪು ಎಲ್ಲಾದರೂ ಇರಲೇಬೇಕು, ಅದು ಕಾಯಿಲೆ ಬಿದ್ದವಳದ್ದೇ ಆಗಿರಬೇಕು ಎಂದು ಎಲ್ಲರೂ ಒಟ್ಟಿಗೆ ತೀರ್ಮಾನಿಸಿ ಬಂದ ಹಾಗಿತ್ತು. ಅತ್ತೆ ಒಂದು ದಿನ ಸಹಿಸಿದರು, ಎರಡು ದಿನ ಸಹಿಸಿದರು. ಮೂರನೆಯ ದಿನ ಬಂದವರಿಗೆ ಬಾಗಿಲಲ್ಲೇ, "ಅವಳು ಮಲಗವಳೆ, ಹಣ್ಣು ಕೊಟ್ಟು ಹೋಗಿ," ಎನ್ನತೊಡಗಿದರು.

ಬಿಡುಗಡೆಯಾಗುವಾಗ ಕೈಗಿತ್ತ ಸಲಹೆಯಲ್ಲಿ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ ಎಂದಿತ್ತು. ಯಾರ ಕಾಲಿನಲ್ಲಿ? ನೋವಿನ ಮಾತ್ರೆ ಮುಟ್ಟಬಾರದು ಎಂದರು, ಸರಿ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಅದು ಅಪಾಯವಂತೆ. ನಿಲ್ಲಿಸಿದೆ. ಎರಡೇ ವಾರದಲ್ಲಿ ಬೆರಳು, ಮಂಡಿ ಊದಿಕೊಂಡು ಹಾಸಿಗೆಯಿಂದ ಏಳಲಾಗಲಿಲ್ಲ. ಲೋಟ ಎತ್ತಲು ಎರಡೂ ಅಂಗೈ ಬೇಕಾಯಿತು. ಹೃದಯದ ವಿಭಾಗಕ್ಕೆ ಫೋನ್ ಮಾಡಿದೆ. ಎತ್ತಿಕೊಂಡವರು ಕೀಲಿನವರನ್ನು ಕೇಳಿ ಎಂದರು. ಕೀಲಿನವರ ಸಹಾಯಕರಿಗೆ ಮಾಡಿದೆ. ಈಗ ಹಾರ್ಟಿನ ಔಷಧಿ ನಡೆಯುತ್ತಿದೆಯಲ್ಲ, ಅವರನ್ನೇ ಕೇಳಿ ಎಂದರು. ಇಬ್ಬರೂ ಇರುವುದು ಒಂದೇ ಕಟ್ಟಡದಲ್ಲಿ. ಒಬ್ಬರು ಎರಡನೇ ಮಹಡಿ, ಇನ್ನೊಬ್ಬರು ನಾಲ್ಕನೇ ಮಹಡಿ.

ನನ್ನವರಿಗೆ ಕಾರು ತೆಗೆಯಲು ಹೇಳಿದೆ. ಅವರು ಈಗ ನಾನು ಹೇಳಿದ ತಕ್ಷಣ ತೆಗೆಯುತ್ತಾರೆ.

ಕೀಲಿನ ತಜ್ಞರು ನನ್ನ ಕೈ ನೋಡಿ ತುಂಬಾ ಮರುಗಿದರು. ಅಟ್ಯಾಕ್ ಆದದ್ದು ಅವರಿಗೆ ಗೊತ್ತೇ ಇರಲಿಲ್ಲ. ಎರಡು ಮಹಡಿ ಮೇಲೆ ನಾನು ಐದು ದಿನ ಮಲಗಿದ್ದೆ.

"ಸಾರ್, ಈ ಕಾಯಿಲೆಯಿಂದ ಹೃದಯಕ್ಕೆ ತೊಂದರೆ ಆಗತ್ತೆ ಅನ್ನೋದು ನಿಮಗೆ ಗೊತ್ತಿತ್ತಾ?"

"ಗೊತ್ತಿರೋ ವಿಷಯಾನೇ ಅಮ್ಮ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

ಅವರು ಪೆನ್ನು ಕೆಳಗಿಟ್ಟರು. "ಎಲ್ಲರಿಗೂ ಆಗತ್ತೆ ಅಂತ ಏನಿಲ್ಲ. ಹೇಳಿದ್ರೆ ಸುಮ್ಮನೆ ಹೆದರ್ತೀರ. ನೀವು ಕೇಳಿದ್ರೆ ಖಂಡಿತ ಹೇಳ್ತಿದ್ದೆ."

"ಏನಂತ ಕೇಳಬೇಕಿತ್ತು ಸಾರ್? ಗೊತ್ತಿಲ್ಲದ್ದನ್ನ ಹೇಗೆ ಕೇಳೋದು? ನನ್ನ ಕ್ಲಾಸಿನಲ್ಲಿ ಪೈಥಾಗೊರಸ್ ಪ್ರಮೇಯ ಹೇಳಿಕೊಡದೆ, ಯಾರೂ ಕೇಳಲಿಲ್ಲ ಅದಕ್ಕೇ ಮಾಡಲಿಲ್ಲ ಅಂದರೆ ನನ್ನನ್ನ ಕೆಲಸದಲ್ಲಿ ಇಟ್ಟುಕೋತಾರಾ? ದವಡೆ ನೋವು ಅಂತ ನಿಮ್ಮ ಮುಂದೇನೇ ಕೂತು ಹೇಳಿದೆನಲ್ಲ. ಮೆಟ್ಟಿಲು ಹತ್ತಿದಾಗ ಅಂತಲೂ ಹೇಳಿದೆನಲ್ಲ. ಅದು ಕೇಳಿದ ಹಾಗಲ್ಲವಾ?"

ನನ್ನವರು ನನ್ನ ಸೆರಗು ಜಗ್ಗಿದರು. ನಾನು ಬಿಡಲಿಲ್ಲ. ಡಾಕ್ಟರ ಮುಖ ಕೆಂಪಾಯಿತು. ಹೊರಗೆ ಇನ್ನೂ ಬಹಳ ಜನ ಕಾಯುತ್ತಿದ್ದಾರೆ, ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಬೇರೆ ಕಡೆ ತೋರಿಸಬಹುದು ಎಂದರು.

"ಬೇರೆ ಕಡೆ ಹೋಗಲ್ಲ. ನಿಮ್ಮ ಔಷಧಿಯಿಂದಲೇ ನನ್ನ ಕೈ ಇಷ್ಟಾದರೂ ಉಳಿದಿರೋದು, ಅದನ್ನ ಮರೆಯಲ್ಲ. ಈಗ ನೀವು ನಾಲ್ಕನೇ ಮಹಡಿಗೆ ಒಂದು ಫೋನ್ ಮಾಡಿ. ನೀವಿಬ್ಬರೂ ಮಾತಾಡಿ. ನಾನು ಏನು ನುಂಗಬೇಕು, ಏನು ಬಿಡಬೇಕು ಅಂತ ಇಬ್ಬರೂ ಸೇರಿ ಒಂದು ಮಾತು ಹೇಳಿ. ಅಲ್ಲೀತನಕ ನಾನು ಈ ಕುರ್ಚಿಯಿಂದ ಏಳಲ್ಲ."

ಸಿಸ್ಟರ್ ಬಾಗಿಲು ತೆರೆದು ಇಣುಕಿದರು. ಮತ್ತೆ ಮುಚ್ಚಿದರು. ಡಾಕ್ಟರು ಫೋನ್ ಎತ್ತಿದರು.

"ಏನಮ್ಮಾ, ಹೇಗಿದೀಯಾ? ನಿನ್ನ ಪೇಷೆಂಟ್ ಒಬ್ರು ನನ್ನ ರೂಮಲ್ಲಿ ಸತ್ಯಾಗ್ರಹ ಮಾಡ್ತಿದಾರೆ," ಎಂದರು.

ಆಕೆ ಅವರ ವಿದ್ಯಾರ್ಥಿನಿಯಾಗಿದ್ದವರಂತೆ! ಎಷ್ಟು ಸಲೀಸಾಗಿ ಮಾತಾಡಿದರು. ನಡುವೆ ಯಾರದೋ ಗೃಹಪ್ರವೇಶದ ವಿಷಯವೂ ಬಂತು. ನನ್ನ ವಾರದ ಮಾತ್ರೆ ಸಾಲುತ್ತಿಲ್ಲ, ಬೇರೊಂದನ್ನು ಸೇರಿಸೋಣ, ಹೃದಯಕ್ಕೆ ತೊಂದರೆಯಿಲ್ಲದ್ದು ಯಾವುದು ಎಂದು ಇಬ್ಬರೂ ಚರ್ಚೆ ಮಾಡಿದರು. ನೋವಿಗೆ ಎಷ್ಟರ ಮಟ್ಟಿಗೆ ಯಾವ ಮಾತ್ರೆ ಸರಿ ಎಂದು ನಿರ್ಧರಿಸಿದರು. ನಡಿಗೆಯ ಬದಲು ಕುರ್ಚಿಯಲ್ಲಿ ಕೂತು ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಹೇಳಿಸೋಣ ಎಂದರು. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿನ ಮಾತುಕತೆ. ಅಷ್ಟು ಮಾತು ಆಗದೆ ನಾನು ಹಾಸಿಗೆ ಹಿಡಿದಿದ್ದೆ. ಅಷ್ಟೇ ಮಾತು ಕೆಲವು ವರ್ಷ ಮೊದಲು ಆಗಿದ್ದರೆ ನನ್ನ ಹೃದಯದ ಒಂದು ಭಾಗ ಸತ್ತುಹೋಗುತ್ತಿರಲಿಲ್ಲ. ಅದು ಇನ್ನು ಬದುಕುವುದಿಲ್ಲವಂತೆ. ಉಳಿದ ಭಾಗ ದುಡಿಯುತ್ತದಂತೆ.

ಫೋನಿಟ್ಟ ಮೇಲೆ ಅವರು ಬರೆಯುತ್ತ, ನನ್ನ ಮುಖ ನೋಡದೆ, "ಹೇಳಬೇಕಿತ್ತಮ್ಮ. ನಾನು ಬೆರಳೇ ನೋಡ್ತಾ ಇದ್ದುಬಿಟ್ಟೆ," ಎಂದರು. ಆ ಮಾತನ್ನು ನಾನು ಸ್ವೀಕರಿಸಿದೆ. ಸಿಟ್ಟು ಹೋಯಿತೆಂದಲ್ಲ. ಹೊರಗೆ ಬಂದಾಗ ನನ್ನವರು, "ಅಷ್ಟು ಜೋರು ಮಾಡಬಾರದಿತ್ತು," ಎಂದರು. ನಾನು ಲಿಫ್ಟಿನ ಗುಂಡಿ ಒತ್ತಿದೆ. ಲಿಫ್ಟು ಬರುವವರೆಗೆ ಅವರೇ ಯೋಚನೆ ಮಾಡಿ, "ಮೊದಲೇ ಮಾಡಬೇಕಿತ್ತು," ಎಂದರು.

ಹೊಸ ಔಷಧಿ ಹಿಡಿಯಿತು. ಈಗ ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಅಟ್ಯಾಕ್ ಎಂಬ ಮಾತು ಕಿವಿಗೆ ಬಿದ್ದ ತಕ್ಷಣ ಹೆಡ್‌ಮಾಸ್ಟರಿಗೆ ಕೆಳಗಿನ ಕೋಣೆ ಸಿಕ್ಕಿಬಿಟ್ಟಿತು. ವರ್ಷಗಟ್ಟಲೆ ಕೈಕಾಲು ಸೊಟ್ಟಗಾದದ್ದು ಯಾರ ಮನಸ್ಸಿಗೂ ತಟ್ಟದು, ಹೃದಯ ಅಂದರೆ ಮಾತ್ರ ಎಲ್ಲರೂ ಎದ್ದು ನಿಲ್ಲುತ್ತಾರೆ.

ಹೋದ ತಿಂಗಳು ತಪಾಸಣೆಗೆ ಹೋಗಿದ್ದೆ. ಕೀಲಿನ ವಿಭಾಗದ ಹೊರಗೆ ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಮೂವತ್ತರ ಆಸುಪಾಸು. ರವಿಕೆ ಹೊಲಿಯುವ ಕೆಲಸವಂತೆ. ಬೆರಳ ಗಿಣ್ಣುಗಳು ಊದಿ ಹೊಳೆಯುತ್ತಿದ್ದವು. ಕತ್ತರಿ ಹಿಡಿಯಲು ಆಗುತ್ತಿಲ್ಲ ಅಕ್ಕ ಎಂದಳು. ನಾನು ಸಮಾಧಾನ ಹೇಳಿದೆ. ಈಗ ಒಳ್ಳೇ ಔಷಧಿಯಿದೆ, ಬೇಗ ಬಂದಿದ್ದೀಯ, ಕೈ ಉಳಿಯುತ್ತದೆ ಎಂದೆ. ಆಮೇಲೆ ಹೇಳಿದೆ. "ಒಳಗೆ ಹೋದಾಗ ಹಾರ್ಟಿನ ಬಗ್ಗೇನೂ ಕೇಳಮ್ಮ. ಈ ಕಾಯಿಲೆ ಅಲ್ಲಿಗೂ ಹೋಗಬಹುದು. ಕೊಲೆಸ್ಟರಾಲು, ಬಿ.ಪಿ. ನೋಡಿಸು. ಮೆಡಿಕಲ್ ಶಾಪಿನಿಂದ ನೀನೇ ನೋವಿನ ಮಾತ್ರೆ ತಂದು ನುಂಗಬೇಡ."

ಅವಳ ಮುಖ ಬಿಳಿಚಿಕೊಂಡಿತು. ಕೌಂಟರಿನ ಹುಡುಗಿ ಅಲ್ಲಿಂದಲೇ, "ಮೇಡಂ, ದಯವಿಟ್ಟು ಬೇರೆ ಪೇಷೆಂಟ್‌ಗಳನ್ನ ಹೆದರಿಸಬೇಡಿ," ಎಂದಳು.

"ಹೆದರಿಸ್ತಾ ಇಲ್ಲಮ್ಮ, ಹೇಳ್ತಾ ಇದೀನಿ. ನೀವೇ ಒಂದು ಬೋರ್ಡ್ ಬರೆದು ಹಾಕಿ, ನಾನು ಸುಮ್ಮನಿರ್ತೀನಿ."

ಹೊಲಿಗೆಯ ಹೆಂಗಸು ಎದ್ದು ಹೋಗಿ ದೂರದ ಬೆಂಚಿನಲ್ಲಿ ಕೂತಳು. ನನಗೆ ಸ್ವಲ್ಪ ನೋವಾಯಿತು, ಸುಳ್ಳು ಹೇಳುವುದಿಲ್ಲ. ಅವಳ ಸರದಿ ನನಗಿಂತ ಮೊದಲು ಬಂತು. ಒಳಗೆ ಹೋದವಳು ಸಾಕಷ್ಟು ಹೊತ್ತು ಬರಲಿಲ್ಲ. ಹೊರಗೆ ಬಂದಾಗ ನೇರ ಹೊರಟುಹೋಗುತ್ತಾಳೆ ಅಂದುಕೊಂಡೆ. ನನ್ನ ಮುಂದೆ ಬಂದು ನಿಂತಳು.

"ಕೇಳ್ದೆ ಅಕ್ಕ. ರಕ್ತಕ್ಕೆ ಬರ್ಕೊಟ್ಟವ್ರೆ, ಎದೇದೂ ಒಂದು ಬರ್ದವ್ರೆ. ಲ್ಯಾಬ್ ಎಲ್ಲದೆ?"

ನೆಲಮಹಡಿ, ಔಷಧಿ ಅಂಗಡಿಯ ಪಕ್ಕ ಎಂದೆ. ಒಬ್ಬಳೇ ಹೋಗಲು ಅವಳಿಗೆ ದಾರಿ ತಿಳಿಯಲಿಲ್ಲ. ಸಿಸ್ಟರ್ ನನ್ನ ಹೆಸರು ಕೂಗುತ್ತಿದ್ದರು. ನನ್ನ ನಂತರದವರನ್ನು ಕಳಿಸಿ ಎಂದು ಹೇಳಿ, ಅವಳ ಜೊತೆ ಕೆಳಗಿಳಿದೆ.